'ಪ್ರಕೃತಿ ಮುನಿದಿದೆ' ಎಂಬ ವಾಕ್ಯವನ್ನು ಹೊಡೆದುಹಾಕಿದ ಮೇಲೆ

ಹವಾಮಾನ ಬದಲಾವಣೆಯು ಜನಜೀವನದ ಮೇಲೆ ಬೀರುವ ಪರಿಣಾಮವನ್ನು ಕುರಿತು ನಾನು ಬರೆದ ಮೊದಲ ಪ್ರಬಂಧ 'ಪ್ರಕೃತಿ ಮುನಿದಿದೆ' ಎಂದು ಆರಂಭವಾಗಿತ್ತು. ಎರಡನೆಯ ಪುಟದಲ್ಲಿ ವರುಣನ ಆರ್ಭಟವೂ ಮೂರನೆಯದರಲ್ಲಿ ಸೂರ್ಯನ ಪ್ರತಾಪವೂ ಇದ್ದವು. ಪ್ರಬಂಧವನ್ನು ತಿದ್ದಿದ ಅಧ್ಯಾಪಕಿಯವರು ಮೂರೂ ಕಡೆ ಅಡಿಗೆರೆ ಎಳೆದು, ಅಂಚಿನಲ್ಲಿ 'ಇಲ್ಲಿ ಕರ್ತೃ ಯಾರು?' ಎಂದಷ್ಟೇ ಬರೆದಿದ್ದರು. ಅದನ್ನು ವ್ಯಾಕರಣದ ಪ್ರಶ್ನೆಯೆಂದು ತಿಳಿದು ನಾನು ವಿಭಕ್ತಿಗಳನ್ನು ಪರಿಶೀಲಿಸಲು ಕುಳಿತದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ತೊಡಕು ಪದದಿಂದಲೇ ಶುರುವಾಗಿತ್ತು. ದಿನದಿನದ ಬಿಸಿಲು ಮಳೆಗಳಿಗೆ ಹವಾಮಾನವೆಂದೂ, ಸಾಮಾನ್ಯವಾಗಿ 30 ವರ್ಷಗಳ ಸರಾಸರಿಗೆ ವಾಯುಗುಣವೆಂದೂ ಶಾಲೆಯ ಭೂಗೋಳದಲ್ಲಿ ಓದಿದ್ದೆ. ಆದರೆ ರೂಢಿಯಲ್ಲಿ ನಿಂತಿರುವ ಪ್ರಯೋಗ 'ಹವಾಮಾನ ಬದಲಾವಣೆ'. ಹಾಗಾಗಿ ನಿನ್ನೆ ಸುರಿದ ಮಳೆಗೂ ಒಂದು ಶತಮಾನದ ಏರುಪೇರಿಗೂ ಒಂದೇ ಪದವನ್ನು ಬಳಸಿ ಎರಡನ್ನೂ ಕಲಸಿಬಿಟ್ಟಿದ್ದೆ. ವಿಷಯದ ಹೆಸರಾಗಿ ರೂಢಿಯ ಪದವನ್ನೇ ಉಳಿಸಿಕೊಂಡು, ಉಳಿದೆಡೆಗಳಲ್ಲಿ ಇವೆರಡನ್ನು ಬೇರ್ಪಡಿಸಿದೆ.

ಆನಂತರ ಎಲ್ಲ ವಿಪತ್ತುಗಳನ್ನೂ ಪೋಣಿಸುವುದನ್ನು ಬಿಟ್ಟು ಒಂದೇ ಘಟನೆಯನ್ನು ಹಿಡಿದೆ: 1995ರ ಜುಲೈನಲ್ಲಿ ಅಮೆರಿಕದ ಷಿಕಾಗೊ ನಗರವನ್ನು ಆವರಿಸಿದ ಬಿಸಿಗಾಳಿ. ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿಗೆ ಏರಿತ್ತು. 700ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ನನ್ನ ಮೊದಲ ಕರಡಿನಲ್ಲಿ ಈ ಎರಡು ಅಂಕಿಗಳು ಅಕ್ಕಪಕ್ಕ ನಿಂತು, ಒಂದು ಇನ್ನೊಂದನ್ನು ವಿವರಿಸುತ್ತದೆಂಬ ಭ್ರಮೆ ಹುಟ್ಟಿಸುತ್ತಿದ್ದವು. ಆದರೆ ಅದೇ ಬಿಸಿಯಲ್ಲಿ ಬದುಕಿದವರು ಲಕ್ಷಾಂತರ ಮಂದಿ. ಸತ್ತವರು ಯಾರೆಂದು ಹುಡುಕುತ್ತ ಹೋದಾಗ ಕಂಡವರು ಬಹುಪಾಲು ವೃದ್ಧರು. ಅವರಲ್ಲಿ ಅನೇಕರು ಒಂಟಿಯಾಗಿದ್ದವರು, ಬಡವರು, ಹವಾನಿಯಂತ್ರಣ ಯಂತ್ರವಿಲ್ಲದವರು ಅಥವಾ ಕಳ್ಳಕಾಕರ ಭಯದಿಂದ ಕಿಟಕಿ ತೆರೆಯದವರು. ಅಕ್ಕಪಕ್ಕದ ಎರಡು ಬಡ ಬಡಾವಣೆಗಳಲ್ಲಿಯೂ ಸಾವಿನ ಪ್ರಮಾಣ ಒಂದೇ ಆಗಿರಲಿಲ್ಲ. ಜನರು ಬೀದಿಗಿಳಿದು ಒಬ್ಬರನ್ನೊಬ್ಬರು ವಿಚಾರಿಸುವ ವಾತಾವರಣವಿದ್ದ ಕಡೆ ಅದು ಕಡಿಮೆಯಿತ್ತು. ಆ ಬಿಸಿಗಾಳಿಯನ್ನೇ ಹವಾಮಾನ ಬದಲಾವಣೆಯ ಫಲವೆಂದು ನಾನು ಬರೆಯಲಿಲ್ಲ. ಬಿಸಿ ಹೆಚ್ಚಿದಾಗ ಅದು ಮೊದಲು ಯಾರ ಮನೆಯನ್ನು ಹೊಗುತ್ತದೆ ಎಂಬುದನ್ನು ತೋರಿಸಲಷ್ಟೇ ಅದನ್ನು ಇಟ್ಟುಕೊಂಡೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿ, 2010ರಿಂದ 2020ರ ಅವಧಿಯಲ್ಲಿ ನೆರೆ, ಬರ ಮತ್ತು ಚಂಡಮಾರುತಗಳ ಸಾವಿನ ಪ್ರಮಾಣವು ಅತಿ ದುರ್ಬಲ ಪ್ರದೇಶಗಳಲ್ಲಿ, ಎಂದರೆ ಇಂಥ ಹಾನಿಗೆ ಸುಲಭವಾಗಿ ತುತ್ತಾಗುವ ಕಡೆಗಳಲ್ಲಿ, ಅತಿ ಕಡಿಮೆ ದುರ್ಬಲ ಪ್ರದೇಶಗಳಿಗಿಂತ 15 ಪಟ್ಟು ಹೆಚ್ಚಿತ್ತು ಎಂದು ಹೇಳಿದ್ದರ ಅರ್ಥ ನನಗೆ ಆಮೇಲೆಯೇ ಬಿಡಿಸಿಕೊಂಡಿತು.

ಅತ್ಯಂತ ಹೆಚ್ಚು ತಿದ್ದಿದ ಪದ 'ಕಾರಣ'. 2022ರಲ್ಲಿ ಪಾಕಿಸ್ತಾನದಲ್ಲಿ 1,700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡು, ಸುಮಾರು 3.3 ಕೋಟಿ ಜನರನ್ನು ಬಾಧಿಸಿದ ನೆರೆಗೆ ಹವಾಮಾನ ಬದಲಾವಣೆಯೇ ಕಾರಣವೆಂದು ಒಂದೇ ಉಸಿರಿನಲ್ಲಿ ಬರೆದಿದ್ದೆ. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ, ಆದ್ದರಿಂದ ಮಳೆ ಸುರಿದಾಗ ಇನ್ನೂ ಬಿರುಸಾಗಿ ಸುರಿಯಬಲ್ಲದು ಎಂಬಲ್ಲಿಯವರೆಗೆ ನನ್ನ ಕಾಲು ಗಟ್ಟಿ ನೆಲದ ಮೇಲಿತ್ತು. ಆದರೆ ಮಳೆಯು ಮನೆ ಮುಳುಗಿಸುವ ನೆರೆಯಾಗುವುದರ ನಡುವೆ ನದಿಯ ಬಯಲಿನ ವಸತಿ, ಚರಂಡಿ, ಮುನ್ನೆಚ್ಚರಿಕೆ, ಬಡತನ ಎಲ್ಲವೂ ಬರುತ್ತವೆ. ಹೀಗಾಗಿ 'ಕಾರಣ' ಎಂದಿದ್ದಲ್ಲಿ 'ತೀವ್ರಗೊಳಿಸಿತು', 'ಸಾಧ್ಯತೆಯನ್ನು ಹೆಚ್ಚಿಸಿತು' ಎಂಬ ಕ್ರಿಯಾಪದಗಳು ಬಂದವು. ಐಪಿಸಿಸಿ ವರದಿಯಲ್ಲಿ 'ಸಂಭವನೀಯ' ಎಂದರೆ ಕನಿಷ್ಠ ಶೇ 66ರಷ್ಟು ಸಾಧ್ಯತೆ, 'ಬಹಳ ಸಂಭವನೀಯ' ಎಂದರೆ ಕನಿಷ್ಠ ಶೇ 90ರಷ್ಟು ಸಾಧ್ಯತೆ ಎಂದು ಅರಿತಾಗ, ಅವೆರಡನ್ನೂ 'ಬಹುಶಃ' ಎಂದು ಅನುವಾದಿಸಿಕೊಂಡಿದ್ದ ನನ್ನ ಟಿಪ್ಪಣಿಗಳನ್ನೆಲ್ಲ ಮತ್ತೆ ಬರೆಯಬೇಕಾಯಿತು.

'ಇದಕ್ಕೆ ಮನುಕುಲವೇ ಹೊಣೆ' ಎಂಬ ವಾಕ್ಯದ ಪಕ್ಕದಲ್ಲಿಯೂ ಅಂಚಿನ ಅದೇ ಪ್ರಶ್ನೆಯಿತ್ತು. ಜಗತ್ತಿನಲ್ಲಿ ಅತಿ ಹೆಚ್ಚು ಹಸಿರುಮನೆ ಅನಿಲ ಹೊರಸೂಸುವ ಶೇ 10ರಷ್ಟು ಕುಟುಂಬಗಳ ಪಾಲು, ಮನೆಬಳಕೆಯ ಒಟ್ಟು ಹೊರಸೂಸುವಿಕೆಯಲ್ಲಿ ಶೇ 34ರಿಂದ 45. ಕೆಳಗಿನ ಅರ್ಧದಷ್ಟು ಕುಟುಂಬಗಳ ಪಾಲು ಶೇ 13ರಿಂದ 15. ಈ ಅಂಕಿಗಳನ್ನು ಕಂಡ ಮೇಲೂ 'ನಾವೆಲ್ಲರೂ' ಎಂದು ಬರೆಯುವುದು ವಿನಯವೆನಿಸಲಿಲ್ಲ, ಸೋಮಾರಿತನವೆನಿಸಿತು.

ಕೊನೆಯ ಕರಡಿನಲ್ಲಿ ಅಧ್ಯಾಪಕಿಯವರು ಸುತ್ತುಹಾಕಿದ್ದು 'ಸಂತ್ರಸ್ತರು' ಎಂಬ ಪದಕ್ಕೆ. ಅದು ಹನ್ನೊಂದು ಬಾರಿ ಬಂದಿತ್ತು, ಮತ್ತು ಆ ಹನ್ನೊಂದು ಕಡೆಯೂ ಆ ಜನ ನರಳುವುದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಮತ್ತೆ ಷಿಕಾಗೊಗೆ ಮರಳಿದೆ. 1999ರಲ್ಲಿ ಅಲ್ಲಿ ಪುನಃ ಬಿಸಿಗಾಳಿ ಬೀಸಿದಾಗ ನಗರಾಡಳಿತವು ತಂಪು ಕೇಂದ್ರಗಳನ್ನು ತೆರೆದು, ಒಂಟಿ ವೃದ್ಧರನ್ನು ಮನೆಗಳಿಗೇ ಹೋಗಿ ವಿಚಾರಿಸುವ ವ್ಯವಸ್ಥೆ ಮಾಡಿತ್ತು. ಸಾವುಗಳು 1995ಕ್ಕಿಂತ ಬಹಳ ಕಡಿಮೆಯಾದವು. ಈ ಸಂಗತಿಯನ್ನು ಸೇರಿಸಲು 'ಪ್ರಕೃತಿ ಮುನಿದಿದೆ' ಎಂದಿದ್ದ ಮೊದಲ ಪುಟವನ್ನೇ ಪೂರ್ತಿ ತೆಗೆದೆ.