ಗ್ಯಾದರಿಂಗ್‌ಗೆ ಅಳಿಲಿನ ದನಿ ಬೇಕಂದ್ರ ಹಿಂಗ ಮಾಡ್ರಿ
ನವನಗರದ ಅಕ್ಕಾರ, ಅಣ್ಣಾರ, ಸಾಲಿ ಗ್ಯಾದರಿಂಗ್ ಹತ್ರ ಬಂತು, ಭಾಳ ಹುಡುಗ್ರು 2007ರ ‘ಆಲ್ವಿನ್ ಅಂಡ್ ದ ಚಿಪ್‌ಮಂಕ್ಸ್’ ಪಿಚ್ಚರ್ ನೋಡಿ ಹಾಡೋ ಅಳಿಲಿನ ವೇಷ ಹಾಕ್ತೀವಿ ಅನ್ನಾಕತ್ತಾರ, ಹಾಕ್ಲಿ ಛಲೋ ಐತಿ, ಆದ್ರ ದಯವಿಟ್ಟು ಅವ್ರ ಕಡೆ ಕೀರಲು ದನಿ ತಗಿಸಿ ಹಾಡಸಬ್ಯಾಡ್ರಿ, ಎಳೀ ಗಂಟಲಾ, ಕಟ್ಟತೈತಿ. 1958ರಾಗ ಆ ಪಾತ್ರಗಳನ್ನ ಹುಟ್ಟಿಸಿದ ರಾಸ್ ಬಾಗ್ದಸೇರಿಯನ್ ಸುದ್ದಾ ಹಂಗ ಹಾಡಿರಲಿಲ್ರಿ, ನಿಧಾನ ಹಾಡಿ ರೆಕಾರ್ಡ್ ಮಾಡಿ ಟೇಪ್ ಡಬಲ್ ಸ್ಪೀಡಿಗೆ ಓಡಸ್ತಿದ್ರು.

ನೀವೂ ಹಾಡು ಎಳದೆಳದು, ಅಕ್ಷರ ಬಿಡಿಸಿ ಹಾಡಸ್ರಿ, ಆಮ್ಯಾಲ ಕಂಪ್ಯೂಟರ್‌ನ್ಯಾಗ ಆಡಾಸಿಟಿ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ಕೊಂಡು ‘ಚೇಂಜ್ ಸ್ಪೀಡ್ ಅಂಡ್ ಪಿಚ್’ ಒತ್ರಿ. ‘ಚೇಂಜ್ ಟೆಂಪೋ’ ಬ್ಯಾಡ, ಅದರಾಗ ಹಾಡು ಲಗು ಓಡತೈತಿ ಅಷ್ಟ, ದನಿ ಇದ್ದಂಗ ಇರತೈತಿ. ದೊಡ್ಡಾವ್ರು ಹಾಡಿದ್ರ 2 ಪಟ್ಟು ಮಾಡ್ರಿ, ಹುಡುಗ್ರ ದನಿ ಮೊದ್ಲ ಸಣ್ಣದು, 1.5 ಸಾಕು, ಅದಕ್ಕ ತಕ್ಕಂಗ ನಿಧಾನ ಹಾಡಿದ್ರಾತು. ತಬಲಾ, ಪೇಟಿ ಕಡೀಕ ಕೂಡಸ್ರಿ, ಇಲ್ಲಂದ್ರ ಅವೂ ಕೀರಲಾಗ್ತಾವು.

ಸ್ಟೇಜ್ ಮ್ಯಾಲ ಬಾಯಿ ಆಡಿಸಿ ಕುಣದ್ರ ಮುಗೀತು. ಪಿಚ್ಚರ್‌ನ್ಯಾಗ ಒಂದ ಸಮ ಶೋ ಮಾಡ್ಸಿ ಆ ಮರಿಗೋಳು ದಣದು ದನೀನ ಕಳಕೊಂತಾವು ನೋಡ್ರಿ, ನಮ್ಮ ಕೂಸುಗೋಳಿಗೆ ತಾಲೀಮು ಅಂತ ಹಂಗ ಆಗಬಾರ್ದು. ಸಾಫ್ಟ್‌ವೇರ್ ತಿಳೀಲಿಲ್ಲಂದ್ರ ಗ್ರೂಪಿಗೆ ರೆಕಾರ್ಡಿಂಗ್ ಹಾಕ್ರಿ, ನಾ ಮಾಡಿ ಕಳಸ್ತೀನಿ.