ಲೈಕ್ ಎಣಿಕೆ ತಪ್ಪುತ್ತಿದ್ದದ್ದು ಸರಿಹೋಗಿದ್ದು ಹೀಗೆ

ನನ್ನ ಸೈಟಿನ ಬರಹಗಳಿಗೆ ಲೈಕ್, ಡಿಸ್‌ಲೈಕ್ ಬಟನ್ ಸೇರಿಸಿದ್ದೆ. ಒಬ್ಬರೇ ಬೇಗ ಬೇಗ ಎರಡು ಸಲ ಒತ್ತಿದರೆ ಎರಡು ಲೈಕ್ ಬೀಳುತ್ತಿತ್ತು. ಲೈಕ್ ಕೊಟ್ಟವರು ಆಮೇಲೆ ಡಿಸ್‌ಲೈಕ್ ಒತ್ತಿದರೆ ಎರಡೂ ಉಳಿಯುತ್ತಿದ್ದವು.

ಒತ್ತಿದ ಕೂಡಲೇ ಬಟನ್ ಡಿಸೇಬಲ್ ಮಾಡಿದೆ. ಎರಡು ಟ್ಯಾಬ್ ತೆರೆದರೆ ಮತ್ತೆ ಅದೇ ಕಥೆ. ಕುಕಿಯಲ್ಲಿ (ಬ್ರೌಸರ್ ಉಳಿಸಿಕೊಳ್ಳುವ ಸಣ್ಣ ಮಾಹಿತಿ) ಗುರುತಿಟ್ಟೆ, ಅದನ್ನು ಅಳಿಸಿದರೆ ಮುಗೀತು. ಮೊದಲೇ ಓಟು ಇದೆಯಾ ಎಂದು ಕೋಡ್‌ನಲ್ಲಿ ನೋಡಿ ಸೇರಿಸುವುದೂ ಸಾಲದು. ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದರೆ ಎರಡಕ್ಕೂ ‘ಇಲ್ಲ’ ಅಂತಲೇ ಉತ್ತರ ಸಿಗುತ್ತದೆ, ಅಲ್ವಾ?

ತಡೆ ಡೇಟಾಬೇಸ್‌ನಲ್ಲೇ ಇರಬೇಕು. ಕ್ರಮ ತಪ್ಪಿಸಬೇಡಿ. ಮೊದಲು ಓಟು ಹಾಕುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಒಂದು ಬರಹಕ್ಕೆ ಒಬ್ಬರ ಕೊನೆಯ ಓಟು ಮಾತ್ರ ಉಳಿಸಿ, ಬೇರೆಲ್ಲ ಅಳಿಸಿ. ಆಮೇಲೆ ಬಳಕೆದಾರರ ಐಡಿ, ಬರಹದ ಐಡಿ ಎರಡನ್ನೂ ಸೇರಿಸಿ ಒಂದೇ ಯೂನಿಕ್ ಕನ್‌ಸ್ಟ್ರೇಂಟ್ (ಅದೇ ಜೋಡಿ ಎರಡನೇ ಸಲ ಬರದಂತೆ ಡೇಟಾಬೇಸ್ ತಡೆಯುವ ನಿಯಮ) ಕೊಡಿ. ಬೇರೆ ಬೇರೆ ಕೊಟ್ಟರೆ ಒಬ್ಬರಿಗೆ ಇಡೀ ಸೈಟಿನಲ್ಲಿ ಒಂದೇ ಓಟು ಆಗಿಬಿಡುತ್ತದೆ! ನಕಲು ಉಳಿದಿದ್ದರೆ ಈ ಹಂತದಲ್ಲೇ ಎರರ್ ಬರುತ್ತದೆ, ಒಳ್ಳೆಯದೇ.

ಓಟು ಸೇರಿಸುವ ಇನ್ಸರ್ಟ್ ಕ್ವೆರಿಗೆ ‘ಆನ್ ಕಾನ್‌ಫ್ಲಿಕ್ಟ್ ಡು ಅಪ್‌ಡೇಟ್’ ಹಾಕಿ, ಆಗ ಮೊದಲೇ ಓಟು ಇದ್ದರೆ ಹೊಸ ಸಾಲು ಸೇರದೆ ಹಳೆಯದೇ ಬದಲಾಗುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 9.5ನೇ ಆವೃತ್ತಿಯಿಂದ ಇದಿದೆ. ಲೈಕ್‌ಗೆ 1, ಡಿಸ್‌ಲೈಕ್‌ಗೆ -1. ಓಟು ವಾಪಸ್ ಪಡೆದರೆ ಆ ಸಾಲನ್ನೇ ಅಳಿಸಿ. ಒಟ್ಟು ಎಣಿಕೆಯನ್ನು ಹಳೆಯ ಅಂಕಿಯ ಮೇಲೆ ಕೂಡಿಸಬೇಡಿ, ಓಟುಗಳಿರುವ ಈ ಟೇಬಲ್‌ನಿಂದಲೇ ಹೊಸದಾಗಿ ಲೆಕ್ಕ ಹಾಕಿ.