ಕೌದಿಗೆ ಯಾವ ಅಂಚು ಒಪ್ಪುತ್ತದೆ?

ಕೌದಿಯ ಮೇಲ್ಪದರ ಜೋಡಿಸಿ ಮುಗಿದ ಕೂಡಲೇ ಎಲ್ಲರಿಗೂ ಒಂದು ಅವಸರ ಬರುತ್ತದೆ. ಇನ್ನೇನು, ಸುತ್ತ ಒಂದು ಪಟ್ಟಿ ಹಚ್ಚಿದರೆ ಆಯಿತು ಅಂತ ಕಪಾಟಿನಲ್ಲಿ ಕೈಗೆ ಸಿಕ್ಕ ಬಟ್ಟೆ ತೆಗೆಯುತ್ತಾರೆ. ಇಲ್ಲವೇ ಬಣ್ಣವನ್ನು ನೆನಪಿನಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗಿ ಎರಡು ಮೀಟರ್ ಹರಿಸಿಕೊಂಡು ಬರುತ್ತಾರೆ. ತಿಂಗಳುಗಟ್ಟಲೆ ತುಂಡಿಗೆ ತುಂಡು ಸೇರಿಸಿದ ಕೆಲಸ ಅದು. ಅದರ ಅಂಚಿಗೆ ಒಂದು ಮಧ್ಯಾಹ್ನವಾದರೂ ಕೊಡಬೇಕು ಅಲ್ವಾ?

ನಾನು ಎಲ್ಲರಿಗೂ ಹೇಳುವುದು ಒಂದೇ. ಅಂಚಿಗೆ ಮೊದಲು ಗಟ್ಟಿತನ ನೋಡಿ, ಆಮೇಲೆ ಬಣ್ಣ ನೋಡಿ. ಕೌದಿ ಹರಿಯಲು ಶುರುವಾಗುವುದು ಹೆಚ್ಚಾಗಿ ಅಂಚಿನಿಂದ. ರಾತ್ರಿ ಚಳಿಯಾದಾಗ ಎಳೆದುಕೊಳ್ಳುವುದು ಅಂಚು ಹಿಡಿದೇ. ನೀರು ಕುಡಿದ ಕೌದಿಯನ್ನು ಇಬ್ಬರು ಹಿಡಿದು ಹಿಂಡುವುದೂ ಅಂಚಿನಿಂದಲೇ. ಮಂಚದಿಂದ ಇಳಿಬಿದ್ದು ನೆಲಕ್ಕೆ ಉಜ್ಜುವುದು ಅಂಚು, ತಲೆಯ ಎಣ್ಣೆ ಮತ್ತು ಬೆವರು ಕುಡಿಯುವುದೂ ಅಂಚು. ನೋಡಲು ಚಂದ ಅಂತ ತೆಳು ಬಟ್ಟೆ ಹಚ್ಚಿದರೆ ಒಳಗಿನ ತುಂಡುಗಳೆಲ್ಲ ಚೆನ್ನಾಗಿರುವಾಗಲೇ ಸುತ್ತ ಚಿಂದಿಯಾಗಿರುತ್ತದೆ.

ಹಿಂದೆ ಕೈಯಲ್ಲೇ ಹೊಲಿಯುವಾಗ ಈ ಪ್ರಶ್ನೆ ಕೊನೆಗೆ ಬರುತ್ತಿರಲಿಲ್ಲ. ಹಳೆಯ ಸೀರೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ತುಂಡುಗಳನ್ನು ಇಡುತ್ತಾ, ಒಂದು ಮೂಲೆಯಿಂದ ಹಿಡಿದು ಸುತ್ತ ದಾರ ಓಡಿಸಿಕೊಂಡು ನಡುವಿಗೆ ಬರುತ್ತಿದ್ದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಇವತ್ತಿಗೂ ಕವಂದಿ ಅನ್ನುವ ತಮ್ಮ ಕೌದಿಯನ್ನು ಹಾಗೆಯೇ ಹೊಲಿಯುತ್ತಾರೆ. ಅಂಚು ಯಾವುದು ಅನ್ನುವುದು ಮೊದಲ ದಿನವೇ ತೀರ್ಮಾನ ಆಗಿರುತ್ತದೆ. ಈಗ ನಾವು ಮಷಿನ್ ಮೇಲೆ ಚೌಕಗಳನ್ನು ಜೋಡಿಸಿ ಮೇಲ್ಪದರವನ್ನೇ ಬೇರೆ ಮಾಡುತ್ತೇವೆ. ಹಾಗಾಗಿ ಅಂಚು ಕೊನೆಗೆ ಉಳಿಯುತ್ತದೆ.

ಮೊದಲು ಅಂಚು ಬೇಕೇ ಅಂತ ಕೇಳಿಕೊಳ್ಳಿ. ತುಂಡುಗಳು ಬಣ್ಣದಲ್ಲಿ ನಡುವಿನಿಂದ ಹೊರಕ್ಕೆ ಗಾಢವಾಗುತ್ತಾ ಹೋಗಿದ್ದರೆ ಅದಕ್ಕೆ ಇನ್ನೊಂದು ಪಟ್ಟಿ ಬೇಡ. ಸುತ್ತ ಸಣ್ಣಗೆ ಗೋಟು, ಅಂದರೆ ಕೊನೆಯನ್ನು ಮಡಚಿ ಮುಚ್ಚುವ ಸಣ್ಣ ಪಟ್ಟಿ, ಹಾಕಿ ಮುಗಿಸಿ. ಹಾಗೆಯೇ ಕೌದಿ ಗಿಡ್ಡವಾಯಿತು ಅಂತ ಅಂಚಿನಿಂದ ಅದನ್ನು ದೊಡ್ಡದು ಮಾಡಲು ಹೋಗಬೇಡಿ. 36 ಇಂಚು ಅಗಲ, 60 ಇಂಚು ಉದ್ದದ ಮೇಲ್ಪದರವನ್ನು ಜೋಡಿ ಮಂಚಕ್ಕೆ ಹೊಂದಿಸಲು ಸುತ್ತ ಒಂದು ಅಡಿ ಪಟ್ಟಿ ಹಚ್ಚಿದವರನ್ನು ನೋಡಿದ್ದೇನೆ. ಕಣ್ಣಿಗೆ ಪಟ್ಟಿಯೇ ಕಾಣುತ್ತದೆ, ಪಟ್ಟ ಶ್ರಮ ಕಾಣುವುದಿಲ್ಲ. ಅಂಥ ಕಡೆ ಇನ್ನೆರಡು ಸಾಲು ತುಂಡು ಸೇರಿಸಿ, ಆಮೇಲೆ ಅಂಚಿನ ಮಾತು. ಅಗಲಕ್ಕೆ ನಾನು ಒಳಗಿನ ತುಂಡಿನ ಅಳತೆಯನ್ನೇ ಹಿಡಿಯುತ್ತೇನೆ. 4 ಇಂಚಿನ ಚೌಕಗಳಿದ್ದರೆ 4 ಇಂಚಿನ ಅಂಚು, ಹೆಚ್ಚೆಂದರೆ 6. ತೊಟ್ಟಿಲ ಕೌದಿಗೆ 2 ಇಂಚು ಸಾಕು.

ಬಣ್ಣವನ್ನು ಅಂಗಡಿಯಲ್ಲಿ ನಿಂತು ಆರಿಸಬೇಡಿ. ಆಗದಿದ್ದರೆ ಮೇಲ್ಪದರವನ್ನೇ ಮಡಚಿ ಚೀಲದಲ್ಲಿ ಹಾಕಿಕೊಂಡು ಹೋಗಿ, ಸಂಕೋಚ ಬೇಡ. ಮನೆಯಲ್ಲಿ ನೋಡುವುದಾದರೆ ಮಂಚದ ಮೇಲೆ ಹಾಸಿ, ಅಂಚಿಗೆ ಅಂತ ಅಂದುಕೊಂಡ ಬಟ್ಟೆಯನ್ನು ಅದರ ಅಡಿಗೆ ತೂರಿಸಿ. ಬೇಕಾದಷ್ಟೇ ಅಗಲ ಹೊರಗೆ ಕಾಣಲಿ. ಒಂದು ಬದಿಗೆ ಒಂದು ಬಟ್ಟೆ, ಇನ್ನೊಂದು ಬದಿಗೆ ಇನ್ನೊಂದು. ಈಗ ಬಾಗಿಲ ತನಕ ಹೋಗಿ ತಿರುಗಿ ನೋಡಿ. ಹತ್ತಿರದಿಂದ ಎಲ್ಲ ಬಟ್ಟೆಯೂ ಚಂದವೇ. ದೂರದಿಂದ ನೋಡಿದಾಗ ಯಾವುದು ಒಳಗಿನ ತುಂಡುಗಳನ್ನು ನುಂಗುತ್ತದೆ, ಯಾವುದು ಹಿಡಿದು ನಿಲ್ಲಿಸುತ್ತದೆ ಅನ್ನುವುದು ಗೊತ್ತಾಗುತ್ತದೆ. ಹಗಲು ಬೆಳಕಿನಲ್ಲಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ. ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದು ನೋಡುವುದು ಇನ್ನೂ ಒಳ್ಳೆಯದು. ಅದರಲ್ಲಿ ಅಂಚು ಮತ್ತು ಅದರ ಪಕ್ಕದ ತುಂಡು ಒಂದೇ ಬೂದಿ ಬಣ್ಣ ಕಂಡರೆ ಎರಡೂ ಬೆರೆತುಹೋಗುತ್ತವೆ ಅಂತ ಅರ್ಥ. ಆಗ ನಡುವೆ ಒಂದು ಇಂಚಿನ ಸಣ್ಣ ಪಟ್ಟಿ ಬೇಕಾಗುತ್ತದೆ.

ಅಂಚಿಗೆ ಯಾವ ಬಣ್ಣ ಹಾಕುತ್ತೀರೋ ಒಳಗೆ ಇರುವ ಅದೇ ಬಣ್ಣ ಎದ್ದು ಕಾಣುತ್ತದೆ. ಕೆಂಪು ಅಂಚು ಹಾಕಿ ನೋಡಿ, ಅಲ್ಲೊಂದು ಇಲ್ಲೊಂದು ಇದ್ದ ಕೆಂಪು ತುಂಡುಗಳೆಲ್ಲ ಮುಂದೆ ಬರುತ್ತವೆ. ಅದನ್ನೇ ತೆಗೆದು ಹಸಿರು ಇಟ್ಟರೆ ಕೌದಿಯೇ ಬೇರೆ ಅನ್ನಿಸುತ್ತದೆ. ಹಾಗಾಗಿ ನಿಮಗೆ ಯಾವ ತುಂಡು ಕಾಣಬೇಕು ಅನ್ನುವುದನ್ನು ಮೊದಲು ಯೋಚಿಸಿ. ಅಮ್ಮನ ಸೀರೆಯ ತುಂಡೋ ಮಗುವಿನ ಮೊದಲ ಅಂಗಿಯ ತುಂಡೋ ಅದರಲ್ಲಿ ಇದ್ದರೆ ಆ ಬಣ್ಣಕ್ಕೆ ಒಪ್ಪುವ ಅಂಚು ಹಾಕಿ. ಒಳಗೆ ಹೂವು, ಚುಕ್ಕಿ, ಗೆರೆ ಎಲ್ಲ ತುಂಬಿದ್ದರೆ ಅಂಚು ಒಂದೇ ಬಣ್ಣದ್ದು ಇರಲಿ. ಒಳಗೆ ಸಾದಾ ಬಟ್ಟೆ ಜಾಸ್ತಿ ಇದ್ದರೆ ಅಂಚಿಗೆ ಹೂವಿನ ಬಟ್ಟೆ ಒಪ್ಪುತ್ತದೆ. ನವಿಲು, ಆನೆ ಇರುವ ಬಟ್ಟೆಯಾದರೆ ಎಚ್ಚರ ಬೇಕು. ಮೇಲೆ ಕೆಳಗೆ ನಿಂತ ನವಿಲು ಅಕ್ಕಪಕ್ಕದ ಪಟ್ಟಿಯಲ್ಲಿ ಮಲಗಿಬಿಡುತ್ತದೆ. ಬಿಳಿ ಅಂಚು ಮಕ್ಕಳ ಕೌದಿಗೆ ಬೇಡ. ಬಾಣಂತಿ, ಮಗುವಿನ ಕೌದಿಗೆ ಕಪ್ಪು ಬೇಡ ಅನ್ನುವ ಮನೆಗಳೂ ಇವೆ, ಉಡುಗೊರೆ ಕೊಡುವುದಿದ್ದರೆ ಮೊದಲೇ ಕೇಳಿಕೊಳ್ಳಿ.

ಇನ್ನು ಸೀರೆಯ ದಡಿ, ಅಂದರೆ ಸೀರೆಯ ಉದ್ದಕ್ಕೂ ಬರುವ ಅಂಚು. ನಮ್ಮ ಉತ್ತರ ಕರ್ನಾಟಕದವರಿಗೆ ಇದಕ್ಕಿಂತ ಒಳ್ಳೆಯ ಅಂಚು ಇಲ್ಲ ಅಂತ ನನ್ನ ನಂಬಿಕೆ. ಸೀರೆಯಲ್ಲಿ ಮೊದಲು ಸವೆಯುವುದು ಮೈ. ದಡಿ ದಟ್ಟವಾಗಿ ನೇಯ್ದಿರುವುದರಿಂದ ಮೈ ಹರಿದ ಮೇಲೂ ಗಟ್ಟಿಯಾಗಿ ಉಳಿದಿರುತ್ತದೆ. ಇಳಕಲ್ ಸೀರೆಯ ಗೋಮಿ ದಡಿ, ಗಾಡಿ ದಡಿ, ಚಿಕ್ಕಿ ಪರಾಸ ಯಾವುದಾದರೂ ಸರಿ, ಕೌದಿಯ ಸುತ್ತ ಹಚ್ಚಿದರೆ ಮನೆಯವರಿಗೆ ಅದು ಯಾರ ಸೀರೆ ಅಂತ ಗುರುತು ಸಿಗುತ್ತದೆ. ಎರಡು ದಡಿಯಲ್ಲಿ ಒಂದು ಸೊಂಟಕ್ಕೆ ಸಿಕ್ಕಿಸಿದ್ದು, ಇನ್ನೊಂದು ಕಾಲ ಹತ್ತಿರ ನೆಲಕ್ಕೆ ತಾಗಿದ್ದು. ಸಿಕ್ಕಿಸಿದ ದಡಿಯೇ ಹೆಚ್ಚು ಚೆನ್ನಾಗಿರುತ್ತದೆ. ಕೆಳಗಿನ ದಡಿಗೆ ಫಾಲ್ ಹಚ್ಚಿದ್ದರೆ ನಿಧಾನಕ್ಕೆ ಬಿಚ್ಚಿ, ದಾರದ ಚೂರುಗಳನ್ನೆಲ್ಲ ತೆಗೆದು, ಒಗೆದು, ಇಸ್ತ್ರಿ ಮಾಡಿ. ಬಿಚ್ಚಿದ ಮೇಲೆ ಒಂದು ಗೆರೆ ಉಳಿದಿದ್ದರೆ ಅದನ್ನು ಹೊಲಿಗೆಯೊಳಗೆ ಮುಚ್ಚುವ ಹಾಗೆ ಮಡಚಿಕೊಳ್ಳಿ.

ಒಂದು ಸೀರೆಯ ದಡಿ ಸಾಕಾಗುತ್ತದೆಯೇ ಅಂತ ಕೇಳುತ್ತಾರೆ. ಆರು ಗಜದ ಸೀರೆಯಲ್ಲಿ ಒಂದು ದಡಿ 216 ಇಂಚು. 54 ಇಂಚು ಅಗಲ, 78 ಇಂಚು ಉದ್ದದ ಮೇಲ್ಪದರಕ್ಕೆ 4 ಇಂಚಿನ ಅಂಚು ಹಚ್ಚಲು ಸುಮಾರು 280 ಇಂಚು ಬೇಕು. ಒಂದು ದಡಿ ಸಾಲುವುದಿಲ್ಲ, ಎರಡೂ ದಡಿ ಬಿಡಿಸಿಕೊಂಡರೆ ಆರಾಮಾಗಿ ಆಗುತ್ತದೆ. ಹಾಳಾದ ಜಾಗ ಬಿಟ್ಟು ಕತ್ತರಿಸಲೂ ಉಳಿಯುತ್ತದೆ. ಕತ್ತರಿಸುವ ಮುಂಚೆ ದಡಿಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಜಾಳಾಗಿ ಕಂಡ ಕಡೆ ಎರಡು ಹೆಬ್ಬೆರಳಿನಿಂದ ಜಗ್ಗಿ. ಪರ್ ಅಂತ ಸದ್ದು ಬಂದರೆ ಆ ಭಾಗ ಬಿಟ್ಟುಬಿಡಿ.

ಎಲ್ಲ ದಡಿಯೂ ಆಗುವುದಿಲ್ಲ. ಜರಿ ದಡಿ ಕೆನ್ನೆಗೆ ಚುಚ್ಚುತ್ತದೆ. ಎಳೆ ಮಗುವಿನ ಕೌದಿಗೆ ಅದು ಬೇಡವೇ ಬೇಡ. ಗೋಡೆಗೆ ತೂಗುಹಾಕುವುದಕ್ಕೆ, ದಿವಾನದ ಮೇಲೆ ಹಾಸುವುದಕ್ಕೆ ಬಳಸಿ. ರೇಷ್ಮೆ ಸೇರಿದ ಗುಳೇದಗುಡ್ಡದ ಖಣವೂ ಹಾಗೆಯೇ, ನೋಡಲು ಬಲು ಚಂದ, ಆದರೆ ವಾರಕ್ಕೊಮ್ಮೆ ಒಗೆಯುವ ಕೌದಿಗಲ್ಲ. ಪಾಲಿಯೆಸ್ಟರ್ ಸೀರೆ ಗಟ್ಟಿ ನಿಜ. ಆದರೆ ಒಳಗೆ ಹೊಸ ಹತ್ತಿ ಇದ್ದರೆ ಅದು ಒಗೆದ ಹಾಗೆಲ್ಲ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ನಾಲ್ಕು ಸಲ ಒಗೆದ ಮೇಲೆ ಅಂಚು ಅಲೆ ಅಲೆಯಾಗಿ ನಿಲ್ಲುತ್ತದೆ. ಹತ್ತಿಗೆ ಹತ್ತಿಯೇ ಸರಿ.

ಹೊಸ ಬಟ್ಟೆ ತಂದರೆ ತೊಂದರೆ ಇದಕ್ಕೆ ತಿರುಗುಮುರುಗು. ಒಳಗಿನ ಹಳೆಯ ಸೀರೆಗಳು ಒಗೆದು ಒಗೆದು ಕುಗ್ಗಿ ಮುಗಿದಿರುತ್ತವೆ. ಹೊಸ ಹತ್ತಿ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಬಹುದು. 78 ಇಂಚಿನ ಪಟ್ಟಿಗೆ ಅದು ಮೂರು ಇಂಚಿನ ಲೆಕ್ಕ! ಕೌದಿ ನಾಲ್ಕೂ ಕಡೆ ಸುಕ್ಕುಗಟ್ಟುತ್ತದೆ. ಅದಕ್ಕೇ ತಂದ ದಿನವೇ ನೆನೆಹಾಕಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಅಳೆಯಿರಿ. ಬಣ್ಣವೂ ಆಗಲೇ ಗೊತ್ತಾಗುತ್ತದೆ. ಕೆಂಪು, ಕಡುನೀಲಿ, ನೇರಳೆ ಇವನ್ನು ಸುಮ್ನೆ ನಂಬಬೇಡಿ. ಒದ್ದೆ ಮಾಡಿ ಬಿಳಿ ಅರಿವೆಯ ಮೇಲೆ ಒತ್ತಿ ನೋಡಿ. ಕಲೆ ಬಿದ್ದರೆ ಮತ್ತೆ ತೊಳೆಯಿರಿ, ನೀರು ತಿಳಿಯಾಗುವ ತನಕ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಉಪ್ಪಿನ ಮೇಲೆ ಭಾರ ಹಾಕಿ ಕೂರಬೇಡಿ, ಬಿಳಿ ಅರಿವೆ ಏನು ಹೇಳುತ್ತದೋ ಅದನ್ನು ಕೇಳಿ. ಎಷ್ಟು ತೊಳೆದರೂ ಬಿಡುವ ಬಣ್ಣವನ್ನು ಅಂಚಿಗೆ ಹಾಕಲೇಬೇಡಿ.

ಪಟ್ಟಿಯನ್ನು ಉದ್ದಕ್ಕೆ, ಹಾಸಿನ ಎಳೆ ಹಿಡಿದು ಕತ್ತರಿಸಿ. ಅಡ್ಡಕ್ಕೆ ಕತ್ತರಿಸಿದ್ದು ಸ್ವಲ್ಪ ಜಗ್ಗುತ್ತದೆ, ಕ್ರಾಸ್ ಕತ್ತರಿಸಿದ್ದಂತೂ ರಬ್ಬರಿನ ಹಾಗೆ ಎಳೆದಷ್ಟೂ ಬರುತ್ತದೆ. ಅದೇ 54ಕ್ಕೆ 78ರ ಮೇಲ್ಪದರಕ್ಕೆ 6 ಇಂಚಿನ ಅಂಚು ಬೇಕಾದರೆ ಪಟ್ಟಿ ಆರೂವರೆ ಇಂಚು ಅಗಲ ಇರಬೇಕು, ಎರಡೂ ಬದಿಗೆ ಕಾಲು ಕಾಲು ಇಂಚು ಹೊಲಿಗೆಗೆ ಹೋಗುತ್ತದೆ. ನಾಲ್ಕು ಪಟ್ಟಿಗೆ 26 ಇಂಚು. 44 ಇಂಚು ಪನ್ನದ (ಅಗಲದ) ಬಟ್ಟೆ ಎರಡೂಕಾಲು ಮೀಟರ್ ತಂದರೆ ಕುಗ್ಗಿದ ಮೇಲೂ ಸಾಕು. ಉಳಿದದ್ದರಲ್ಲಿ ಗೋಟೂ ಆಗುತ್ತದೆ. ಉದ್ದದ ಬಟ್ಟೆ ಇಲ್ಲದೆ ಪಟ್ಟಿಗೆ ಪಟ್ಟಿ ಸೇರಿಸಬೇಕಾದರೆ ಓರೆಯಾಗಿ ಜೋಡಿಸಿ. ನೇರ ಜೋಡಿಸಿದರೆ ಗಂಟಿನ ಹಾಗೆ ಒಂದೇ ಕಡೆ ದಪ್ಪ ಕೂರುತ್ತದೆ.

ಅಳತೆಯಲ್ಲಿ ಮಾತ್ರ ಸೋಮಾರಿತನ ಬೇಡ. ಮೇಲ್ಪದರದ ಅಂಚುಗಳು ಕೈಯಾಡಿಸಿ ಆಡಿಸಿ ಹಿಗ್ಗಿರುತ್ತವೆ. ಎಡಬದಿ 79 ಇಂಚು, ಬಲಬದಿ ಎಪ್ಪತ್ತೊಂಬತ್ತೂವರೆ, ನಡುವೆ 78 ಇರಬಹುದು. ನಡುವಿನ ಅಳತೆಯೇ ನಿಜವಾದ ಅಳತೆ. ಎರಡೂ ಪಟ್ಟಿಯನ್ನು 78ಕ್ಕೇ ಕತ್ತರಿಸಿ. ಉದ್ದನೆಯ ಪಟ್ಟಿಯನ್ನು ಸುಮ್ಮನೆ ಹಚ್ಚುತ್ತಾ ಹೋಗಿ ಕೊನೆಗೆ ಉಳಿದದ್ದನ್ನು ಕತ್ತರಿಸುವ ಅಭ್ಯಾಸ ಬಹಳ ಜನರಿಗೆ ಇದೆ. ಅಲೆಯಾದ ಅಂಚುಗಳೆಲ್ಲ ಬರುವುದು ಹಾಗೆಯೇ. ಪಟ್ಟಿಯ ನಡುವನ್ನು ಮೇಲ್ಪದರದ ನಡುವಿಗೆ ಪಿನ್ ಮಾಡಿ, ತುದಿಗೆ ತುದಿ, ಆಮೇಲೆ ಕಾಲುಭಾಗಗಳು. ಅಳತೆಯಲ್ಲಿ ಹೆಚ್ಚಾಗಿ ಉಬ್ಬಿದ ಬಟ್ಟೆ ಮಷಿನ್ನಿನ ಹಲ್ಲಿನ ಕಡೆ, ಅಂದರೆ ಕೆಳಗೆ ಬರಲಿ. ಹಲ್ಲುಗಳೇ ಅದನ್ನು ಸ್ವಲ್ಪ ಸ್ವಲ್ಪ ಒಳಗೆ ತೆಗೆದುಕೊಳ್ಳುತ್ತವೆ. ಉದ್ದದ ಎರಡು ಬದಿ ಮುಗಿದ ಮೇಲೆ ಇಸ್ತ್ರಿ ಮಾಡಿ, ಅಗಲವನ್ನು ಹೊಸದಾಗಿ ನಡುವೆ ಅಳೆದು, ಗಿಡ್ಡ ಪಟ್ಟಿ ಹಚ್ಚಿ.

ಮೂಲೆಗೆ ಬಂದರೆ, ಸಾದಾ ಬಟ್ಟೆಗೆ ನೇರ ಮೂಲೆ ಸಾಕು. ದಡಿಯ ಗೆರೆಗಳು ಇದ್ದರೆ ನೇರ ಮೂಲೆಯಲ್ಲಿ ಗೆರೆ ಕಡಿದ ಹಾಗೆ ಕಾಣುತ್ತದೆ. ಓರೆ ಮೂಲೆ ಮಾಡುವಷ್ಟು ಕೈ ಕುದುರದಿದ್ದರೆ ನಾಲ್ಕು ಮೂಲೆಗೂ ಬೇರೆ ಬಣ್ಣದ ಒಂದೊಂದು ಚೌಕ ಇಡಿ. ಗೆರೆಗಳು ಚೌಕಕ್ಕೆ ಬಂದು ನಿಲ್ಲುತ್ತವೆ, ಕಡಿದಂತೆ ಕಾಣುವುದಿಲ್ಲ. ಸಿದ್ದಿಯರ ಕವಂದಿಯ ಮೂಲೆಗಳಲ್ಲಿ ಬಟ್ಟೆಯನ್ನು ಪದರ ಪದರವಾಗಿ ಮಡಚಿ ಮುಕ್ಕೋನದ ಫೂಲ ಹಚ್ಚುತ್ತಾರೆ. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಅಂತಲೇ ಅವರ ಎಣಿಕೆ. ಅಲಂಕಾರದ ಜೊತೆಗೆ ಮೂಲೆಗೆ ಅಷ್ಟು ಪದರ ಬೀಳುವುದು ದೊಡ್ಡ ಗುಣ, ಮೂಲೆ ಬೇಗ ಹರಿಯುವುದಿಲ್ಲ.

ತಲೆ ಕಡೆ ಯಾವುದು, ಕಾಲ ಕಡೆ ಯಾವುದು ಅಂತ ಗೊತ್ತಾಗುವ ಹಾಗೆ ಒಂದು ಬದಿಯ ಅಂಚಿಗೆ ಗುರುತು ಇರಲಿ. ಬೇರೆ ಬಣ್ಣದ ಒಂದು ತುಂಡು ಸೇರಿಸಿದರೂ ಸಾಕು. ಕಾಲಿಗೆ ಹೊದ್ದದ್ದು ಮುಖಕ್ಕೆ ಬರಬಾರದು ಅಲ್ವಾ? ತಲೆ ಕಡೆಯ ಅಂಚು ಸ್ವಲ್ಪ ಗಾಢ ಬಣ್ಣದ್ದು, ಮೆತ್ತಗಿನದು ಇರಬೇಕು.

ಉಳಿದ ಅಂಚಿನ ಬಟ್ಟೆಯನ್ನು ಎಸೆಯಬೇಡಿ, ಬೇರೆ ಕೆಲಸಕ್ಕೂ ಮುಗಿಸಬೇಡಿ. ಒಂದು ಮೊಳ ಎತ್ತಿಡಿ. ಕೌದಿ ಒಗೆಯುವಾಗಲೆಲ್ಲ ಅದನ್ನೂ ಜೊತೆಗೆ ಒಗೆದು, ಅದರ ಜೊತೆಗೇ ಬಿಸಿಲಿಗೆ ಹಾಕಿ. ಎರಡರ ಬಣ್ಣವೂ ಒಂದೇ ಸಮ ಮಾಸುತ್ತದೆ. ಮುಂದೆ ಅಂಚು ಹರಿದಾಗ ಅದರಿಂದ ತೇಪೆ ಹಾಕಿದರೆ ತೇಪೆ ಅಂತ ಗೊತ್ತೇ ಆಗುವುದಿಲ್ಲ.